ಹಳೇ ಆಂಪ್ ಮಾರುವ ಮೊದಲು ಒಂದು ಮಲ್ಟಿಮೀಟರ್ ಹಿಡಿಯಿರಿ

ಅಂಗೈಯಗಲದ ಹೊಸ ಆಂಪ್ (ಹಾಡಿನ ಸಿಗ್ನಲ್ ಹಿಗ್ಗಿಸಿ ಸ್ಪೀಕರ್‌ಗೆ ಕೊಡುವ ಆಂಪ್ಲಿಫೈಯರ್) ನಿಮ್ಮ ಹಳೇ ದೊಡ್ಡ ಆಂಪ್‌ಗಿಂತ ಎಷ್ಟೋ ಚೆನ್ನಾಗಿ ಕೇಳಿಸುತ್ತಿದೆ, ಹಳೆಯದನ್ನು ಮಾರಿಬಿಡಲಾ, 50 ವಾಟ್ ಸಾಕಾ, ಆಮೇಲೆ ಬಾಸ್‌ಗೆಂದೇ ಇರುವ ಸಬ್‌ವೂಫರ್ ಸ್ಪೀಕರ್ ಸೇರಿಸಬಹುದಾ ಎಂದು ಕೇಳಿದ್ದೀರಿ. ಮಾರಬೇಡಿ. ಈಗಲೇ ಅಂತೂ ಬೇಡ. ನಾನು ಮಾರಿ ಕೈ ಸುಟ್ಟುಕೊಂಡವನು.

ನನ್ನದು ಎರಡು ಕೈ ಹಾಕಿ ಎತ್ತಬೇಕಾದ ಹಳೇ ಇಂಟಿಗ್ರೇಟೆಡ್ ಆಂಪ್. ಬಾಸ್‌ಗೊಂದು, ಟ್ರೆಬಲ್‌ಗೊಂದು ತಿರುಗುಗುಂಡಿ. ಹಿಂದೆ ರೆಕಾರ್ಡ್ ಪ್ಲೇಯರ್‌ಗೆ ಬೇಕಾದ ಫೋನೋ ಇನ್‌ಪುಟ್. ಅರ್ಧ ಕಪಾಟು ಅದಕ್ಕೇ ಹೋಗುತ್ತಿತ್ತು. ಹೊಸದರಲ್ಲಿ ಮುಂದೆ ಒಂದೇ ಗುಂಡಿ, ಹಿಂದೆ ನಾಲ್ಕು ಸ್ಪೀಕರ್ ಟರ್ಮಿನಲ್, ಜೊತೆಗೆ ಲ್ಯಾಪ್‌ಟಾಪಿನದರಂಥ ಅಡಾಪ್ಟರ್. ವೈರ್ ಬದಲಿಸಿದೆ, ಯಾವಾಗಲೂ ಕೇಳುವ ಹಾಡನ್ನೇ ಹಾಕಿದೆ, ಹಳೆಯದರಲ್ಲಿ ಗುಂಡಿ ಎಲ್ಲಿ ನಿಲ್ಲಿಸುತ್ತಿದ್ದೆನೋ ಇದರಲ್ಲೂ ಅಲ್ಲೇ ನಿಲ್ಲಿಸಿದೆ. ಹಾಡುವವರು ಸಾಲಿನ ನಡುವೆ ಉಸಿರು ಎಳೆದುಕೊಳ್ಳುವುದು ಕೂಡ ಕೇಳಿಸಿತು. ಬಾಸ್ ತುಂಬಿಕೊಂಡು ಬಂತು. ಇಷ್ಟು ವರ್ಷ ಕಿವಿಗೆ ಹತ್ತಿ ಇಟ್ಟುಕೊಂಡಿದ್ದೆನಾ ಅನ್ನಿಸಿತು. ಹಳೆಯದನ್ನು ಪರಿಚಯದವರೊಬ್ಬರು ಕೇಳಿದ ಕೂಡಲೇ ಕೊಟ್ಟುಬಿಟ್ಟೆ.

ಎಡವಿದ್ದು ಎಲ್ಲಿ ಗೊತ್ತಾ? ಆ ಗುಂಡಿಯಲ್ಲಿ. ಗುಂಡಿ ಗಡಿಯಾರದ ಹತ್ತು ಗಂಟೆಯ ಕಡೆ ಇದ್ದರೆ ಎರಡು ಆಂಪ್‌ನಲ್ಲೂ ಒಂದೇ ಜೋರು ಎಂದುಕೊಂಡಿದ್ದೆ. ಅದು ಸುಳ್ಳು. ಗುಂಡಿಯ ಜಾಗಕ್ಕೂ ಹೊರಬರುವ ವಾಟ್‌ಗೂ ನೇರ ಸಂಬಂಧವೇ ಇಲ್ಲ. ಅದನ್ನು ತೀರ್ಮಾನ ಮಾಡುವುದು ಆಂಪ್‌ನ ಗೇನ್, ಅಂದರೆ ಒಳಬಂದ ಸಿಗ್ನಲ್ ಅನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು. ಈ ಚಿಕ್ಕ ಆಂಪ್‌ಗಳಲ್ಲಿ ತುಂಬಾ ಕಾಣುವ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಪಿಎ 3116 ಚಿಪ್ ತೆಗೆದುಕೊಳ್ಳಿ. ಅದರ ಗೇನ್ ಅನ್ನು 20, 26, 32 ಅಥವಾ 36 ಡೆಸಿಬೆಲ್‌ಗೆ (ಗೇನ್, ಸದ್ದಿನ ಏರಿಳಿತ ಅಳೆಯುವ ಮಾನ) ಇಡಬಹುದು. ಬೋರ್ಡ್ ಮಾಡಿದವರು ಎಷ್ಟಕ್ಕೆ ಇಟ್ಟಿದ್ದಾರೋ ಅಷ್ಟು. 26ರ ಬದಲು 32 ಇಟ್ಟರೆ ಸ್ಪೀಕರ್‌ಗೆ ಹೋಗುವ ವೋಲ್ಟೇಜ್ ದುಪ್ಪಟ್ಟು. ಗುಂಡಿ ಸ್ವಲ್ಪ ತಿರುಗಿಸಿದರೂ ಮನೆ ತುಂಬಾ ಸದ್ದು. ಕೊಂಡವರು "ಏನು ಪವರ್ರು!" ಅಂತಾರೆ.

ಸದ್ದು ಎದ್ದುಕಾಣುವಷ್ಟು ಜಾಸ್ತಿಯಾದರೆ ನಾವೇ ಹಿಡಿಯುತ್ತೇವೆ. ಒಂದು ಡೆಸಿಬೆಲ್ ಆಚೀಚೆ ಆದರೆ ಅದು ಜೋರಾಯಿತು ಅನ್ನಿಸುವುದಿಲ್ಲ, ಚೆನ್ನಾಯಿತು ಅನ್ನಿಸುತ್ತದೆ. ಇದರ ಜೊತೆಗೆ ಕಿವಿಯ ಇನ್ನೊಂದು ಗುಣವೂ ಇದೆ. ಸದ್ದು ಕಡಿಮೆ ಇದ್ದಾಗ ಕಿವಿಗೆ ಬಾಸ್ ಸರಿಯಾಗಿ ಕೇಳುವುದಿಲ್ಲ, ಜೋರಾದಂತೆ ಬಾಸ್ ತುಂಬಿಕೊಳ್ಳುತ್ತದೆ. ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ಪ್ರಕಟಿಸಿದ್ದರು. ನಾನು "ತುಂಬಿದ ಬಾಸ್" ಅಂತ ಮೆಚ್ಚಿಕೊಂಡದ್ದು ನನ್ನ ಕಿವಿಯದೇ ಕೆಲಸ, ಆಂಪ್‌ನದಲ್ಲ.

ಇದು ಗೊತ್ತಾಗಿದ್ದು ರಿಪೇರಿ ಕೆಲಸ ಮಾಡುವ ಗೆಳೆಯನಿಂದ. ಹೊಸ ಆಂಪ್ ಬಗ್ಗೆ ನಾನು ಕೊಚ್ಚಿಕೊಂಡದ್ದನ್ನೆಲ್ಲ ಸುಮ್ನೆ ಕೇಳಿ, "ಹಳೇದು ತರ್ತೀಯಾ?" ಅಂದ. ಕೊಂಡವರನ್ನು ಬೇಡಿ ಒಂದು ಭಾನುವಾರಕ್ಕೆ ತಂದೆ. ಅವನು ಫೋನಿನಿಂದ 60 ಹರ್ಟ್ಸ್‌ನ ಟೋನ್ ಹಾಕಿ, ಮಲ್ಟಿಮೀಟರ್ ಅನ್ನು ಎಸಿ ವೋಲ್ಟೇಜ್‌ಗೆ ತಿರುಗಿಸಿ, ಸ್ಪೀಕರ್‌ನ ಎರಡು ಟರ್ಮಿನಲ್‌ಗೆ ಹಿಡಿದ. ನಾನು ಕೇಳುವ ಮಟ್ಟದಲ್ಲಿ ಹಳೆಯದು ಹೆಚ್ಚುಕಡಿಮೆ 1 ವೋಲ್ಟ್. ಗುಂಡಿ ಅದೇ ಜಾಗದಲ್ಲಿದ್ದಾಗ ಹೊಸದು 1.4 ವೋಲ್ಟ್. ಅಂದರೆ 3 ಡೆಸಿಬೆಲ್ ಜಾಸ್ತಿ. ಹೊಸದನ್ನು ಇಳಿಸಿ 1 ವೋಲ್ಟ್‌ಗೆ ತಂದ. ಆಮೇಲೆ ನನ್ನನ್ನು ಗೋಡೆಯ ಕಡೆ ತಿರುಗಿಸಿ ಕೂರಿಸಿ, ಯಾವುದು ಹಾಕಿದೆ ಅಂತ ಹೇಳದೆ ವೈರ್ ಬದಲಿಸುತ್ತಾ ಹೋದ. ನನ್ನ ಊಹೆಗಳು ತಲೆಬುಡ ಇಲ್ಲದವಾಗಿದ್ದವು. ಆ ಉಸಿರು ಹಳೆಯದರಲ್ಲೂ ಅಷ್ಟೇ ಸ್ಪಷ್ಟವಾಗಿತ್ತು. ತಾಳದ ಕಿಣಿಕಿಣಿಯಲ್ಲಿ ಮಾತ್ರ ಹೊಸದು ಕೂದಲೆಳೆಯಷ್ಟು ಹರಿತ.

ಆ ಹರಿತಕ್ಕೂ ಕಾರಣ ಇದೆ. ಕ್ಲಾಸ್ ಡಿ ಆಂಪ್‌ನಲ್ಲಿ (ಸಿಗ್ನಲ್ ಅನ್ನು ಅತಿವೇಗದ ಆನ್-ಆಫ್ ಆಗಿಸಿ ಹಿಗ್ಗಿಸುವ, ನನ್ನ ಹೊಸದರಂಥ ಆಂಪ್) ಚಿಪ್ ಆದಮೇಲೆ ಕಾಯಿಲ್, ಕೆಪಾಸಿಟರ್ ಇರುವ ಒಂದು ಫಿಲ್ಟರ್ ಬರುತ್ತದೆ. ಅಗ್ಗದ ಹಲವು ಮಾದರಿಗಳಲ್ಲಿ ಈ ಫಿಲ್ಟರ್ ಫೀಡ್‌ಬ್ಯಾಕ್‌ನ, ಅಂದರೆ ಆಂಪ್ ತನ್ನ ಔಟ್‌ಪುಟ್ ನೋಡಿ ತಪ್ಪು ತಿದ್ದಿಕೊಳ್ಳುವ ಏರ್ಪಾಟಿನ, ಹೊರಗೆ ಉಳಿಯುತ್ತದೆ. ಆಗ ಸ್ಪೀಕರ್‌ನ ಓಮ್ (ವಿದ್ಯುತ್‌ಗೆ ಅದು ಒಡ್ಡುವ ತಡೆ) ಬದಲಾದರೆ ತೀರಾ ಮೇಲಿನ ಟ್ರೆಬಲ್ ಕೂಡ ಬದಲಾಗುತ್ತದೆ. 4 ಓಮ್‌ಗೆ ಹೊಂದಿಸಿದ ಫಿಲ್ಟರ್‌ಗೆ 8 ಓಮ್ ಸ್ಪೀಕರ್ ಕಟ್ಟಿದರೆ ಟ್ರೆಬಲ್‌ನ ತುದಿ ಮೇಲೇಳುತ್ತದೆ. ನನ್ನವು 8 ಓಮ್. ಕೊಳ್ಳುವಾಗ ಅಳತೆಯ ಗ್ರಾಫ್ ಸಿಕ್ಕರೆ ನೋಡಬೇಕಾದ್ದು ಇದನ್ನೇ: 4 ಮತ್ತು 8 ಓಮ್‌ನ ಗೆರೆಗಳು ಒಂದರ ಮೇಲೊಂದು ಕೂರುತ್ತವಾ, ಕೊನೆಗೆ ಕವಲೊಡೆಯುತ್ತವಾ?

ಹಳೆಯದನ್ನು ವಾಪಸ್ ಕೊಡುತ್ತೀರಾ ಎಂದು ಕೊಂಡವರನ್ನು ಕೇಳಿದೆ. ಅವರು ನಕ್ಕರು. ರೆಕಾರ್ಡ್ ಕೇಳಲು ಈಗ ಬೇರೆ ಫೋನೋ ಪ್ರೀಆಂಪ್ ಕೊಂಡಿದ್ದೇನೆ, ಅದಕ್ಕೆ ಇನ್ನೊಂದು ಅಡಾಪ್ಟರ್. ಟೋನ್ ಗುಂಡಿಯಂತೂ ಹೋಯಿತು. ಜಾಗ ಉಳಿಸಲು ಹೊರಟವನ ಕಪಾಟಿನ ಹಿಂದೆ ಈಗ ವೈರಿನ ಗೂಡು.

ಇನ್ನು ನಿಮ್ಮ 50 ವಾಟ್. ಈ ಪ್ರಶ್ನೆಯೇ ಬೇಡ ಅನ್ನುತ್ತೇನೆ. 8 ಓಮ್‌ಗೆ 1 ವೋಲ್ಟ್ ಅಂದರೆ ಒಂದು ವಾಟ್‌ನ ಎಂಟನೇ ಒಂದು ಭಾಗ. ಹಾಡಿನ ಏರಿಳಿತ ಅದರ ನೂರು ಪಟ್ಟು ಕೇಳಿದರೂ ಹನ್ನೆರಡೂವರೆ ವಾಟ್ ಅಷ್ಟೇ. 50ರ ಬದಲು 100 ವಾಟ್ ತಂದರೆ ಸಿಗುವುದು 3 ಡೆಸಿಬೆಲ್. ಅದೇ 84 ಡೆಸಿಬೆಲ್ ಸೆನ್ಸಿಟಿವಿಟಿಯ (ಅಷ್ಟೇ ವಾಟ್‌ಗೆ ಎಷ್ಟು ಜೋರು ಎಂಬ ಅಳತೆ) ಸ್ಪೀಕರ್ ಬಿಟ್ಟು 90ರದ್ದು ತಂದರೆ 6 ಡೆಸಿಬೆಲ್. ಆಂಪ್ ಬಿಡಿ, ಸ್ಪೀಕರ್ ನೋಡಿ ಅನ್ನುವುದು ಇದಕ್ಕೇ. ಅದನ್ನು ಗೋಡೆಯಿಂದ ಒಂದು ಮೊಳ ಮುಂದೆ ಎಳೆದರೂ ಬಾಸ್‌ನಲ್ಲಿ ಆಗುವ ಬದಲಾವಣೆ ನಾನು ಆ ಭಾನುವಾರ ಕೇಳಿದ್ದಕ್ಕಿಂತ ಜಾಸ್ತಿ.

ಡಬ್ಬದ ಮೇಲಿನ ವಾಟ್ ನಂಬಬೇಡಿ. ಟಿಪಿಎ 3116ರ 50 ವಾಟ್ ಅನ್ನುವುದು 4 ಓಮ್‌ಗೆ, 21 ವೋಲ್ಟ್‌ನಲ್ಲಿ, ಶೇಕಡಾ 10ರಷ್ಟು ಡಿಸ್ಟಾರ್ಷನ್ (ದನಿ ಕೆಡುವುದು) ಒಪ್ಪಿಕೊಂಡರೆ ಸಿಗುವ ಲೆಕ್ಕ. ಅಡಾಪ್ಟರ್ ಮೇಲೆ 24 ವೋಲ್ಟ್, 2 ಆಂಪಿಯರ್ ಎಂದಿದ್ದರೆ ಅದು ಕೊಡುವುದೇ ಒಟ್ಟು 48 ವಾಟ್. ಎರಡು ಸ್ಪೀಕರ್‌ಗೆ ಐವತ್ತೈವತ್ತು ಎಡೆಬಿಡದೆ ಎಲ್ಲಿಂದ ಬರಬೇಕು? ಹಾಡು ಕೇಳಲು ಅಷ್ಟು ಬೇಕಾಗುವುದಿಲ್ಲ ನಿಜ, ಆದರೆ ಬರೆದಿರುವುದು ಸುಳ್ಳು ಅಲ್ವಾ?

ವಾಪಸ್ ಕೊಡುವ ಅವಧಿ ಇನ್ನೂ ಇದ್ದರೆ ರಾತ್ರಿ ಮನೆ ಸದ್ದಡಗಿದ ಮೇಲೆ ಏನೂ ಹಾಡಿಸದೆ ಟ್ವೀಟರ್ (ಟ್ರೆಬಲ್ ನುಡಿಸುವ ಚಿಕ್ಕ ಸ್ಪೀಕರ್) ಹತ್ತಿರ ಕಿವಿ ಇಡಿ. ಕೂರುವ ಜಾಗಕ್ಕೂ ಸುಯ್ಯೆನ್ನುವ ಸದ್ದು ಕೇಳಿಸಿದರೆ ಇಟ್ಟುಕೊಳ್ಳಬೇಡಿ. ಗುಂಡಿಯನ್ನು ಸೊನ್ನೆಯಿಂದ ನಿಧಾನವಾಗಿ ಏರಿಸಿ. ಶುರುವಿನಲ್ಲಿ ದನಿ ಒಂದು ಪಕ್ಕಕ್ಕೆ ವಾಲಿದರೆ ಗುಂಡಿಯ ಒಳಗಿನ ಪೊಟೆನ್ಷಿಯೋಮೀಟರ್ ಅಗ್ಗದ್ದು. ಮೆಲ್ಲಗೆ ಕೇಳುವವರಿಗೆ ಅದು ದಿನಾ ಕಿರಿಕಿರಿ. ಎರಡು ಆಂಪ್ ಹೋಲಿಸುವಾಗ ವೋಲ್ಟೇಜ್ ಶೇಕಡಾ ಒಂದರೊಳಗೆ ಹೊಂದಬೇಕು. ಮೀಟರಿನ ಕಡ್ಡಿಗಳು ಒಂದಕ್ಕೊಂದು ತಾಗಬಾರದು, ತಾಗಿದರೆ ಶಾರ್ಟ್. ಇಷ್ಟಾದ ಮೇಲೂ ಹೊಸದೇ ಇಷ್ಟವಾದರೆ ಧಾರಾಳವಾಗಿ ಇಟ್ಟುಕೊಳ್ಳಿ. ನಾನೂ ಅದರಲ್ಲೇ ಕೇಳುತ್ತಿದ್ದೇನೆ, ಕೆಟ್ಟದ್ದೇನಲ್ಲ.

ಸಬ್‌ವೂಫರ್ ವಿಷಯದಲ್ಲಿ ಮಾತ್ರ ಹುಷಾರು. ಈ ಚಿಪ್‌ಗಳಲ್ಲಿ ಸಾಮಾನ್ಯವಾಗಿ ಸ್ಪೀಕರ್‌ನ ಮೈನಸ್ ಕೂಡ ಗ್ರೌಂಡ್ ಅಲ್ಲ, ಅದರಲ್ಲೂ ಸಿಗ್ನಲ್ ಹರಿಯುತ್ತದೆ. ಎಡ ಬಲದ ಮೈನಸ್‌ಗಳನ್ನು ಒಟ್ಟು ಸೇರಿಸಿದರೆ, ಅಥವಾ ಗ್ರೌಂಡ್‌ಗೆ ಕಟ್ಟಿದರೆ, ಚಿಪ್ ಸುಡಬಹುದು. ಸ್ಪೀಕರ್ ಟರ್ಮಿನಲ್‌ನಿಂದ ಸಬ್‌ಗೆ ವೈರ್ ಎಳೆಯುವ ಮೊದಲು ಸಬ್‌ನ ಮ್ಯಾನ್ಯುಯಲ್ ಓದಿ. ಆಂಪ್‌ನ ಹಿಂದೆ ಸಬ್ ಔಟ್ ಇದ್ದರೆ ಆ ರಗಳೆಯೇ ಬೇಡ, ಅದಕ್ಕೇ ಒಂದು ಆರ್‌ಸಿಎ ಕೇಬಲ್ ಚುಚ್ಚಿ.