ಖಾಲಿ ಮೇಜಿನ ಮೇಲೆ ‘ರಿಸರ್ವ್ಡ್’ ಫಲಕ ಯಾಕೆ?

ಗೋವಾದ ಕಲಂಗುಟ್‌ನ ಬೀಚ್ ಶ್ಯಾಕ್ (ಕಡಲ ದಂಡೆಯ ಹೋಟೆಲು) ಒಂದರಲ್ಲಿ ಕ್ಯಾಪ್ಟನ್, ಅಂದರೆ ಗಿರಾಕಿಗಳನ್ನು ಮೇಜಿಗೆ ಕೂರಿಸುವವರು, ಆಗಿರುವ ಹಾನಗಲ್ ಕಡೆಯ ಓದುಗರೊಬ್ಬರು ಬರೆದಿದ್ದಾರೆ. ಸಮುದ್ರಕ್ಕೆ ಮುಖ ಮಾಡಿದ ಮೇಜುಗಳು ಬಿಳಿಯರಿಗೆ, ನಮ್ಮವರಿಗೆ ಕಿಚನ್ ಬಾಗಿಲ ಹತ್ತಿರ. ಮಣಿಪುರದ ಇಬ್ಬರು ಹುಡುಗಿಯರು ಬಂದಾಗ ಖಾಲಿ ಮೇಜಿನ ಮೇಲೆ ‘ರಿಸರ್ವ್ಡ್’ ಫಲಕ ಇಟ್ಟರಂತೆ. ಅವರು ಹೋದ ಮೇಲೆ ಫಲಕ ಎತ್ತಿ, ಬುಕಿಂಗ್ ಇಲ್ಲದ ಬಿಳಿ ಜೋಡಿಯನ್ನು ಅಲ್ಲೇ ಕೂರಿಸಿದರಂತೆ. ‘ಧಣಿ ಹೇಳಿದ್ದು ಮಾಡಿದೆ, ಬಿಸಿನೆಸ್ ಅಲ್ವಾ ಸರ್?’ ಎಂದು ಕೇಳಿದ್ದಾರೆ.

ಅಲ್ಲ. ಬಿಸಿನೆಸ್ ಆದರೆ ಲೆಕ್ಕ ನಿಮಗೇ ಜಾಸ್ತಿ ಗೊತ್ತು. ಹುಬ್ಬಳ್ಳಿಯಿಂದ ಬಂದ ಎಂಟು ಜನರ ಕುಟುಂಬ ಫಿಶ್ ಥಾಲಿ, ಮೇಲೆ ಇಸವಣದ ರವಾ ಫ್ರೈ, ಮಕ್ಕಳಿಗೆ ಐಸ್‌ಕ್ರೀಮ್ ಎಂದು ಬಿಲ್ ಏರಿಸಿ ಎದ್ದು ಹೋಗುತ್ತದೆ; ಸಮುದ್ರದೆದುರಿನ ಮೇಜಿನವರು ಒಂದೇ ಬಿಯರ್ ಹಿಡಿದು ಸೂರ್ಯ ಮುಳುಗುವ ತನಕ ಕೂರುವುದೂ ಉಂಟು. ಕುಡಿದು ಗಲಾಟೆ ಮಾಡುವವರನ್ನು ಹೊರಗೆ ಹಾಕಿ, ಯಾವ ದೇಶದವರಾದರೂ ಸರಿ. ಅದು ನಡತೆ ನೋಡಿ ಮಾಡಿದ್ದು. ಆ ಹುಡುಗಿಯರು ಇನ್ನೂ ಕೂತೇ ಇರಲಿಲ್ಲ.

‘ಪ್ರವೇಶದ ಹಕ್ಕು ಕಾಯ್ದಿರಿಸಲಾಗಿದೆ’ ಎಂಬ ಬೋರ್ಡನ್ನು ಧಣಿ ತೋರಿಸುತ್ತಾರಂತೆ. ಸಂವಿಧಾನದ 15(2)ನೇ ವಿಧಿ ಅಂಗಡಿ, ಹೋಟೆಲು, ಮನರಂಜನೆಯ ಜಾಗಗಳ ಹೆಸರು ಹೇಳಿಯೇ ಬರೆದಿದೆ: ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಊರು ನೋಡಿ ಯಾವ ನಾಗರಿಕರನ್ನೂ ತಡೆಯುವಂತಿಲ್ಲ. ಖಾಸಗಿ ಹೋಟೆಲಿಗೂ ಇದು ಅನ್ವಯ. ಬೆಂಗಳೂರಿನಲ್ಲಿ ಜಪಾನಿನವರಿಗೆ ಮಾತ್ರ ಎಂಬಂತೆ ನಡೆಯುತ್ತಿದ್ದ ಹೋಟೆಲೊಂದನ್ನು 2014ರಲ್ಲಿ ಪಾಲಿಕೆ ಮುಚ್ಚಿಸಿತು. ಆದರೆ ಈ ವಿಧಿ ನಾಗರಿಕರಿಗಷ್ಟೇ. ನೈಜೀರಿಯಾದ ವಿದ್ಯಾರ್ಥಿಗೆ ಇದರ ನೆರಳು ಸಿಗುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪೌರತ್ವ ಕೇಳುವುದಿಲ್ಲ ನಿಜ, ಆದರೆ ಬಾಗಿಲಲ್ಲೇ ವಾಪಸ್ ಕಳಿಸಿದರೆ ಅವನು ಇನ್ನೂ ದುಡ್ಡು ಕೊಟ್ಟ ಗ್ರಾಹಕನೇ ಅಲ್ಲ, ಹಾಗಾಗಿ ಅಲ್ಲೂ ವಾದ ಕಷ್ಟ. ನಮ್ಮಲ್ಲಿ ಜಾಸ್ತಿ ಅವಮಾನ ತಿನ್ನುವವನಿಗೇ ಕಾನೂನು ಕಮ್ಮಿ.

ಮಾಪುಸಾ ಮಾರ್ಕೆಟ್‌ನಲ್ಲಿ ನಿಮ್ಮನ್ನು ‘ಘಾಟಿ’ (ಘಟ್ಟದಾಚೆಯಿಂದ ಬಂದವರು ಎಂಬ ಹೀಯಾಳಿಕೆ) ಎಂದಾಗ ಮೈ ಉರಿಯಿತು ಎಂದು ಕೊನೆಗೆ ಬರೆದಿದ್ದೀರಿ. ಉರಿಯಬೇಕಾದ್ದೇ. ಇಲ್ಲಿ ಮುಂಬೈಯಲ್ಲಿ 1960ರ ದಶಕದಲ್ಲಿ, ಲುಂಗಿಯವರು ಎಂದು ನಮ್ಮ ಉಡುಪಿ ಹೋಟೆಲುಗಳ ಮೇಲೆ ದಾಳಿ ಆಗಿತ್ತು. ಆ ಹುಡುಗಿಯರಿಗೂ ಅದೇ ಉರಿ ಆಗಿರುತ್ತದೆ, ಸುಮ್ನೆ ಎದ್ದು ಹೋದರು ಅಷ್ಟೇ.

ಸೀಸನ್ ನಡುವೆ ಕೆಲಸ ಬಿಡಿ ಎನ್ನಲಾರೆ, ನಿಮ್ಮ ಮನೆ ಬಾಡಿಗೆ ನಾನು ಕಟ್ಟುವುದಿಲ್ಲವಲ್ಲ. ಬುಕಿಂಗ್ ಪುಸ್ತಕದಲ್ಲಿ ಹೆಸರಿದ್ದರೆ ಮಾತ್ರ ಫಲಕ ಇಡಿ, ಉಳಿದ ಮೇಜುಗಳು ಮೊದಲು ಬಂದವರಿಗೆ. ಧಣಿ ಬೈದರೆ ಸಂವಿಧಾನ ತೆಗೆಯಬೇಡಿ, ಕೇಳುವುದಿಲ್ಲ. ಆ ಹುಡುಗಿಯರು ಫೋಟೊ ಸಮೇತ ಗೂಗಲ್‌ನಲ್ಲಿ ಒಂದೇ ಸ್ಟಾರ್ ಕೊಟ್ಟರೆ ಡಿಸೆಂಬರ್ ಬುಕಿಂಗ್ ಏನಾಗಬಹುದು ಎಂದು ಕೇಳಿ.