ಸರ್ಕಾರಿ ಖರೀದಿಯಲ್ಲಿ ಪರಿಶಿಷ್ಟರ ಉದ್ಯಮಗಳಿಗೆ ಶೇ 4: ಅದು ಯಾರ ಹೊಣೆ, ಯಾರ ಹಕ್ಕು?

ಪ್ರಶ್ನೆ: ನಾನು ಮತ್ತು ನನ್ನ ಪತಿ ಸಮಪಾಲಿನ ಪಾಲುದಾರಿಕೆಯಲ್ಲಿ ಆಸ್ಪತ್ರೆಗಳಿಗೆ ಬೇಕಾದ ಬೆಡ್‌ಶೀಟ್, ದಿಂಬಿನ ಚೀಲಗಳನ್ನು ಹೊಲಿಯುವ ಘಟಕ ನಡೆಸುತ್ತಿದ್ದೇವೆ. ಇಬ್ಬರೂ ಪರಿಶಿಷ್ಟ ಜಾತಿಗೆ ಸೇರಿದವರು. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳಿಗೆ (ಎಂಎಸ್‌ಎಂಇ) ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿಯೂ ಆಗಿದೆ. ಕೇಂದ್ರ ಸರ್ಕಾರದ ಸಂಸ್ಥೆಯೊಂದು ಸರ್ಕಾರಿ ಖರೀದಿಯ ಆನ್‌ಲೈನ್ ತಾಣವಾದ ಜೆಮ್ ಪೋರ್ಟಲ್‌ನಲ್ಲಿ ಕರೆದ ಟೆಂಡರಿನಲ್ಲಿ ಅತಿ ಕಡಿಮೆ ದರಕ್ಕಿಂತ ನಮ್ಮ ದರ ಶೇ 11ರಷ್ಟು ಹೆಚ್ಚಿತ್ತು. ಪರಿಶಿಷ್ಟರ ಉದ್ಯಮಗಳಿಗೆ ಶೇ 4ರಷ್ಟು ಖರೀದಿ ಮೀಸಲಿದ್ದರೂ ನಮಗೆ ಏನೂ ಸಿಗಲಿಲ್ಲ. ಏಕೆ?

ಉತ್ತರ: ಶೇ 4 ಎಂಬುದು ಒಂದೊಂದು ಟೆಂಡರಿನಲ್ಲೂ ನಿಮಗಾಗಿ ಎತ್ತಿಟ್ಟ ಪಾಲಲ್ಲ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಅಡಿಯಲ್ಲಿ 2012ರಲ್ಲಿ ಹೊರಡಿಸಿದ ಸಾರ್ವಜನಿಕ ಖರೀದಿ ನೀತಿಯ ಆದೇಶವು ಕೇಂದ್ರದ ಸಚಿವಾಲಯಗಳು, ಇಲಾಖೆಗಳು ಮತ್ತು ಸಾರ್ವಜನಿಕ ವಲಯದ ಉದ್ದಿಮೆಗಳ ಮೇಲೆ ವಾರ್ಷಿಕ ಗುರಿಯೊಂದನ್ನು ಹೊರಿಸಿದೆ. ಮೊದಲು ಶೇ 20ರಷ್ಟಿದ್ದ ಈ ಗುರಿಯನ್ನು 2018ರ ತಿದ್ದುಪಡಿಯ ಮೂಲಕ ಶೇ 25ಕ್ಕೆ ಏರಿಸಲಾಯಿತು. ಆ 25ರೊಳಗೇ ಪರಿಶಿಷ್ಟ ಜಾತಿ ಮತ್ತು ಪಂಗಡದವರ ಉದ್ಯಮಗಳಿಗೆ ಶೇ 4, ಮಹಿಳೆಯರ ಉದ್ಯಮಗಳಿಗೆ ಶೇ 3 ಸೇರಿವೆ. ಆದ್ದರಿಂದ ಇದು ಖರೀದಿಸುವವರ ವರ್ಷದ ಲೆಕ್ಕಕ್ಕೆ ಸಂಬಂಧಿಸಿದ ಹೊಣೆ.

ಟೆಂಡರಿನೊಳಗೆ ನಿಮ್ಮ ಕೈಗೆ ಬರುವ ಹಕ್ಕು ಬೇರೆಯದು. ಅತಿ ಕಡಿಮೆ ದರ ನಮೂದಿಸಿದವರು ಸೂಕ್ಷ್ಮ ಅಥವಾ ಸಣ್ಣ ಉದ್ಯಮವಲ್ಲದಿದ್ದು, ನಿಮ್ಮ ದರವು ಅದಕ್ಕಿಂತ ಶೇ 15ರ ಮಿತಿಯೊಳಗೆ ಇದ್ದರೆ, ಅವರ ದರಕ್ಕೇ ಪೂರೈಸಲು ಒಪ್ಪುವ ಅವಕಾಶವನ್ನು ನಿಮಗೆ ಕೊಡಬೇಕು. ಒಂದು ಸಾವಿರ ಬೆಡ್‌ಶೀಟ್‌ಗಳಿಗೆ ದೊಡ್ಡ ಕಂಪನಿಯೊಂದು ತಲಾ 400 ರೂಪಾಯಿ ನಮೂದಿಸಿದೆ, ನೀವು 444 ನಮೂದಿಸಿದ್ದೀರಿ ಎಂದುಕೊಳ್ಳಿ. ಮಿತಿ 460 ರೂಪಾಯಿ. ನೀವು 400ಕ್ಕೆ ಇಳಿಯಲು ಒಪ್ಪಿದರೆ ಟೆಂಡರಿನ ಶೇ 25, ಅಂದರೆ 250 ಬೆಡ್‌ಶೀಟ್‌ಗಳ ಆದೇಶ ನಿಮಗೆ ಬರಬೇಕು. ಇದೇ ಮಿತಿಯೊಳಗೆ ಇನ್ನೂ ಕೆಲವು ಸಣ್ಣ ಉದ್ಯಮಗಳಿದ್ದರೆ ಆ ಪಾಲು ಹಂಚಿಹೋಗುತ್ತದೆ. 400ಕ್ಕೆ ಹೊಲಿದರೆ ಗಿಟ್ಟುತ್ತದೆಯೇ ಎಂಬ ಲೆಕ್ಕವನ್ನು ಬಿಡ್ ಸಲ್ಲಿಸುವ ಮೊದಲೇ ಹಾಕಿಟ್ಟುಕೊಳ್ಳಿ, ಏಕೆಂದರೆ ಒಪ್ಪಿಗೆ ಕೇಳಿದಾಗ ಯೋಚಿಸಲು ಹೆಚ್ಚು ಸಮಯ ಸಿಗುವುದಿಲ್ಲ.

ಹಾಗಾದರೆ ಶೇ 11ರ ಅಂತರವಿದ್ದ ನಿಮ್ಮನ್ನು ಏಕೆ ಕರೆಯಲಿಲ್ಲ? ಮೊದಲು ನೋಡಬೇಕಾದದ್ದು, ಅತಿ ಕಡಿಮೆ ದರದವರೂ ಸಣ್ಣ ಉದ್ಯಮವೇ ಆಗಿದ್ದರೇ ಎಂಬುದನ್ನು. ಹಾಗಿದ್ದಲ್ಲಿ ಮೇಲೆ ಹೇಳಿದ ಆದ್ಯತೆ ಅನ್ವಯಿಸುವುದಿಲ್ಲ. ಎರಡನೆಯದು, ಬಿಡ್‌ನಲ್ಲಿ ನೀವು ತಯಾರಕರೆಂದು ದಾಖಲಾಗಿದ್ದೀರಾ ಎಂಬುದು. ಈ ಆದ್ಯತೆ ತಯಾರಿಸುವವರಿಗೆ ಮತ್ತು ಸೇವೆ ಒದಗಿಸುವವರಿಗೆ ಮಾತ್ರ ಮೀಸಲು. 2021ರಿಂದ ವ್ಯಾಪಾರಿಗಳಿಗೂ ಉದ್ಯಮ್ ನೋಂದಣಿ ದೊರೆಯುತ್ತಿದೆಯಾದರೂ ಅದರ ಪ್ರಯೋಜನ ಬ್ಯಾಂಕುಗಳ ಆದ್ಯತಾ ಸಾಲಕ್ಕಷ್ಟೇ ಸೀಮಿತ. ನೀವೇ ಹೊಲಿಯುತ್ತಿದ್ದರೂ ಮರುಮಾರಾಟಗಾರರೆಂದು ನಮೂದಾಗಿದ್ದರೆ ಆ ಒಂದು ತಪ್ಪಿನಿಂದಲೇ ಹಕ್ಕು ಕೈತಪ್ಪುತ್ತದೆ. ಈ ಎರಡೂ ಕಾರಣಗಳು ಇಲ್ಲವೆಂದಾದರೆ, ಟೆಂಡರ್ ಸಂಖ್ಯೆಯನ್ನು ಉಲ್ಲೇಖಿಸಿ ಖರೀದಿ ಅಧಿಕಾರಿಗೆ ಲಿಖಿತವಾಗಿ ಕಾರಣ ಕೇಳಿ.

ಮಾಲೀಕತ್ವದ ವಿಷಯವನ್ನೂ ಹೇಳಬೇಕು. ಪಾಲುದಾರಿಕೆಯಲ್ಲಿ ಕನಿಷ್ಠ ಶೇ 51 ಪಾಲು ಪರಿಶಿಷ್ಟರದ್ದಾಗಿರಬೇಕು. ನಿಮ್ಮಿಬ್ಬರ ಪಾಲು ಸೇರಿ ಪೂರ್ತಿ 100 ಆಗುವುದರಿಂದ ಅದಕ್ಕೆ ತೊಡಕಿಲ್ಲ. ಆದರೆ ನಿಮ್ಮ ಪಾಲು ಶೇ 50 ಮಾತ್ರ ಇರುವುದರಿಂದ ಘಟಕವು ಮಹಿಳಾ ಉದ್ಯಮವಾಗುವುದಿಲ್ಲ. ಕೆಲಸವನ್ನೂ ನಿರ್ಧಾರಗಳನ್ನೂ ನಡೆಸುವವರು ನಿಜವಾಗಿ ನೀವೇ ಆಗಿದ್ದರೆ ಪಾಲುದಾರಿಕೆ ಪತ್ರವನ್ನು ಅದಕ್ಕೆ ತಕ್ಕಂತೆ ತಿದ್ದಿಸಿಕೊಳ್ಳುವುದು ನ್ಯಾಯವೇ. ಬರೀ ಕಾಗದಕ್ಕಾಗಿ ಮಾತ್ರ ಹಾಗೆ ಮಾಡಬೇಡಿ.

ಈ ನೀತಿಯಲ್ಲಿ ನನ್ನನ್ನು ಬಹಳ ಕಾಡುವ ಅಂಶವೊಂದಿದೆ. ಪರಿಶಿಷ್ಟರ ಉದ್ಯಮಗಳು ಟೆಂಡರಿನಲ್ಲಿ ಭಾಗವಹಿಸದಿದ್ದರೆ ಅಥವಾ ಷರತ್ತುಗಳನ್ನು ಪೂರೈಸದಿದ್ದರೆ, ಆ ಶೇ 4ನ್ನು ಇತರ ಸಣ್ಣ ಉದ್ಯಮಗಳಿಂದ ಭರ್ತಿ ಮಾಡಿಕೊಳ್ಳಲು ಆದೇಶವೇ ಅವಕಾಶ ಕೊಟ್ಟಿದೆ. ಹೀಗಾಗಿ ಯಾರೂ ಬಿಡ್ ಹಾಕದ ಟೆಂಡರ್ ಅಧಿಕಾರಿಗೆ ಸುಲಭದ ನೆಪವಾಗುತ್ತದೆ. ಒಮ್ಮೆ ಸೋತಿರೆಂದು ಬಿಡಬೇಡಿ ಎಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ. ಟೆಂಡರ್ ಪತ್ರ ನಿಮಗೆ ಉಚಿತ, ಬಿಡ್ ಜೊತೆಗೆ ಇಡುವ ಮುಂಗಡ ಠೇವಣಿಯನ್ನೂ (ಇಎಂಡಿ) ಕಟ್ಟಬೇಕಿಲ್ಲ. ಆದರೆ ಆದೇಶ ಬಂದ ಮೇಲೆ ಕೇಳುವ ಕಾರ್ಯನಿರ್ವಹಣಾ ಭದ್ರತಾ ಠೇವಣಿಗೆ ಈ ವಿನಾಯಿತಿ ಇಲ್ಲ ಎಂಬುದು ನೆನಪಿರಲಿ. ಬಿಡ್ ಸಿದ್ಧಪಡಿಸಲು ನೆರವು ಬೇಕಿದ್ದರೆ, 2016ರಲ್ಲಿ ಆರಂಭವಾಗಿ ರಾಷ್ಟ್ರೀಯ ಸಣ್ಣ ಕೈಗಾರಿಕೆಗಳ ನಿಗಮದ ಮೂಲಕ ನಡೆಯುತ್ತಿರುವ ರಾಷ್ಟ್ರೀಯ ಎಸ್‌ಸಿ-ಎಸ್‌ಟಿ ಹಬ್‌ ಅನ್ನು ಸಂಪರ್ಕಿಸಿ.

ಪ್ರಶ್ನೆ: ನಾನು ಪರಿಶಿಷ್ಟ ಪಂಗಡದ ನೋಂದಾಯಿತ ಗುತ್ತಿಗೆದಾರ. ಪರಿಚಿತ ಗುತ್ತಿಗೆದಾರರೊಬ್ಬರು ನನ್ನ ಹೆಸರಿನಲ್ಲಿ ಮೀಸಲು ಕಾಮಗಾರಿ ಪಡೆದು ತಾವೇ ಮಾಡಿಸುವುದಾಗಿಯೂ, ನನಗೆ ಇಂತಿಷ್ಟು ಹಣ ಕೊಡುವುದಾಗಿಯೂ ಹೇಳುತ್ತಿದ್ದಾರೆ. ಒಪ್ಪಬಹುದೇ?

ಉತ್ತರ: ಖಂಡಿತ ಒಪ್ಪಬೇಡಿ. ಕೇಂದ್ರದ ನೀತಿಗೂ ಇದಕ್ಕೂ ಸಂಬಂಧವಿಲ್ಲ. ನೀವು ಕೇಳುತ್ತಿರುವುದು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯ ಮೀಸಲಾತಿಯ ವಿಷಯ. ಮೊದಲು 50 ಲಕ್ಷ ರೂಪಾಯಿವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ ಶೇ 17.15, ಪರಿಶಿಷ್ಟ ಪಂಗಡಕ್ಕೆ ಶೇ 6.95 ಮೀಸಲಿಡಲಾಯಿತು, 2023ರ ತಿದ್ದುಪಡಿಯಲ್ಲಿ ಮೊತ್ತದ ಮಿತಿಯನ್ನು 1 ಕೋಟಿ ರೂಪಾಯಿಗೆ ಏರಿಸಲಾಯಿತು.

ಹೆಸರು ಕೊಟ್ಟ ಮೇಲೆ ಕರಾರಿಗೆ ಸಹಿ ಹಾಕಿದವರು ನೀವು. ಕಳಪೆ ಕಾಮಗಾರಿಗೆ ನೋಟಿಸ್ ಬರುವುದು, ಜಿಎಸ್‌ಟಿ ಮತ್ತು ಆದಾಯ ತೆರಿಗೆಯ ಲೆಕ್ಕ ಕೇಳುವುದು, ಕೂಲಿ ಬಾಕಿಗೆ ಹೊಣೆ ಹೊರಿಸುವುದು, ಕೊನೆಗೆ ಕಪ್ಪುಪಟ್ಟಿಗೆ ಸೇರಿಸುವುದು ನಿಮ್ಮನ್ನೇ. ಕಪ್ಪುಪಟ್ಟಿಗೆ ಸೇರಿದ ಮೇಲೆ ನೀವೇ ಸ್ವಂತವಾಗಿ ಮಾಡಬಹುದಾಗಿದ್ದ ಕೆಲಸಗಳ ಬಾಗಿಲೂ ಮುಚ್ಚುತ್ತದೆ. ನಿಮ್ಮಂತೆಯೇ ಇರುವ, ಪ್ರಾಮಾಣಿಕವಾಗಿ ಬಿಡ್ ಹಾಕಿದ ಇನ್ನೊಬ್ಬ ಪರಿಶಿಷ್ಟ ಗುತ್ತಿಗೆದಾರರ ಅವಕಾಶವೂ ಇದರಿಂದ ತಪ್ಪುತ್ತದೆ. ಬಂಡವಾಳ ಸಾಲದಿದ್ದರೆ ಐದಾರು ಲಕ್ಷದ ಚರಂಡಿ ಅಥವಾ ಶಾಲಾ ದುರಸ್ತಿ ಕೆಲಸದಿಂದ ಆರಂಭಿಸಿ, ಕಾಮಗಾರಿ ಪೂರ್ಣಗೊಂಡ ಪ್ರಮಾಣಪತ್ರವನ್ನು ತಪ್ಪದೆ ಪಡೆದುಕೊಳ್ಳಿ. ಮುಂದಿನ ದೊಡ್ಡ ಟೆಂಡರಿಗೆ ಅರ್ಹತೆ ತಂದುಕೊಡುವುದು ಆ ಕಾಗದ.

ಪ್ರಶ್ನೆ: ಸಾರ್ವಜನಿಕ ವಲಯದ ಉದ್ದಿಮೆಯೊಂದಕ್ಕೆ ಬಿಡಿಭಾಗ ತಯಾರಿಸಿ ಕೊಟ್ಟು ಏಳು ತಿಂಗಳಾದರೂ ಬಿಲ್ ಪಾವತಿಯಾಗಿಲ್ಲ. ಏನು ಮಾಡಬೇಕು?

ಉತ್ತರ: ಸರಕನ್ನು ಸ್ವೀಕರಿಸಿದ ದಿನಾಂಕವಿರುವ ದಾಖಲೆಯನ್ನು ಮೊದಲು ಭದ್ರಪಡಿಸಿಕೊಳ್ಳಿ. ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ 15ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಏನೇ ಬರೆದಿದ್ದರೂ ಪಾವತಿಯ ಗಡುವು 45 ದಿನಗಳನ್ನು ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು, ತಿಂಗಳು ತಿಂಗಳೂ ಚಕ್ರಬಡ್ಡಿಯಾಗಿ ಸೇರಿಸಿ ಕೊಡಬೇಕಾಗುತ್ತದೆ. ಉದ್ಯಮ್ ನೋಂದಣಿಯು ಈ ಪೂರೈಕೆಗಿಂತ ಮೊದಲೇ ಆಗಿದ್ದರೆ ನಿಮ್ಮ ವಾದ ಗಟ್ಟಿಯಾಗಿರುತ್ತದೆ. ಬಾಕಿ ಮೊತ್ತ ಮತ್ತು ಬಡ್ಡಿಯ ಲೆಕ್ಕದೊಂದಿಗೆ ಒಂದು ನೋಟಿಸ್ ಕಳುಹಿಸಿ; ಉತ್ತರ ಬಾರದಿದ್ದರೆ ಕೇಂದ್ರ ಎಂಎಸ್‌ಎಂಇ ಸಚಿವಾಲಯದ ಆನ್‌ಲೈನ್ ಪೋರ್ಟಲ್ ಮೂಲಕ, ಇಂಥ ಬಾಕಿಗಳ ವಿವಾದ ನೋಡುವ ರಾಜ್ಯದ ಸೌಲಭ್ಯ ಮಂಡಳಿಗೆ ದೂರು ಸಲ್ಲಿಸಿ. ಮಂಡಳಿ ಮೊದಲು ರಾಜಿಗೆ ಪ್ರಯತ್ನಿಸುತ್ತದೆ, ಆಗದಿದ್ದರೆ ಮಧ್ಯಸ್ಥಿಕೆಯ ತೀರ್ಪಿನತ್ತ ಸಾಗುತ್ತದೆ. ತೀರ್ಪು ನಿಮ್ಮ ಪರವಾಗಿ ಬಂದು ಆ ಉದ್ದಿಮೆ ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಲು ಬಯಸಿದರೆ, ತೀರ್ಪಿನ ಮೊತ್ತದ ಶೇ 75ನ್ನು ಮೊದಲು ಠೇವಣಿ ಇಡಲೇಬೇಕು.