ಓದುಗರ ಪ್ರಶ್ನೆ: ಸುತ್ತಲೂ ಉಬ್ಬುಗೆರೆ ಇರುವ ಜರ್ಮನ್ ಶಿರಸ್ತ್ರಾಣ

ಪ್ರಶ್ನೆ: ಹುಬ್ಬಳ್ಳಿಯ ದುರ್ಗದಬೈಲಿನ ಹಳೆಯ ಸಾಮಾನಿನ ವ್ಯಾಪಾರಿಯೊಬ್ಬರ ಬಳಿ ಕಡುನೀಲಿ ಬಣ್ಣದ ಉಕ್ಕಿನ ಶಿರಸ್ತ್ರಾಣವೊಂದಿದೆ. ಎರಡನೆಯ ಮಹಾಯುದ್ಧದ ಜರ್ಮನ್ ಸೈನಿಕನದೆಂದು ಅವರು ಹೇಳುತ್ತಾರೆ. ಕಾರ್ಖಾನೆಯ ಕಾವಲುಗಾರನದೆಂಬುದು ನನ್ನ ಗೆಳೆಯರ ವಾದ. ಅದರ ಸುತ್ತಲೂ ಉಬ್ಬಿದ ಗೆರೆಯೊಂದಿದೆ. ಯಾರ ಮಾತು ಸರಿ? ಕೊಂಡರೆ ತುಕ್ಕು ತೆಗೆದು ಬಣ್ಣ ಹಚ್ಚಬಹುದೇ?
– ಒಬ್ಬ ಓದುಗರು, ಹುಬ್ಬಳ್ಳಿ

ಉತ್ತರ: ಮಾನ್ಯರೇ, ಆ ಉಬ್ಬುಗೆರೆಯೇ ಮುಖ್ಯ ಸುಳಿವು. ವೈಮಾನಿಕ ದಾಳಿಯಿಂದ ನಾಗರಿಕರನ್ನು ರಕ್ಷಿಸುವ ‘ಲುಫ್ಟ್‌ಶುಟ್ಸ್’ ಸೇವೆಗೆಂದು ತಯಾರಾದ ಶಿರಸ್ತ್ರಾಣಗಳು ಸೈನಿಕರವುಗಳಿಂದ ಬೇರೆಯಾಗಿ ಕಾಣಲು ಈ ಗೆರೆಯನ್ನು ಹೊಂದಿರುತ್ತಿದ್ದವು. ಹೀಗಾಗಿ ಇದು ರಣರಂಗದ್ದಲ್ಲವೆಂದೇ ತಿಳಿಯಬೇಕು.

ಆದರೆ ಗೆಳೆಯರ ಮಾತನ್ನೂ ಕೂಡಲೇ ಒಪ್ಪಲಾಗದು. ದೊಡ್ಡ ಕಾರ್ಖಾನೆಗಳಿಗೆ ತಮ್ಮದೇ ವಾಯುರಕ್ಷಣಾ ದಳವಿತ್ತು. ‘ವೆರ್ಕ್‌ಶುಟ್ಸ್’ ಎಂಬ ಕಾವಲು ಪಡೆ ಅದಕ್ಕಿಂತ ಬೇರೆ. ಬರೀ ಆಕಾರ ನೋಡಿ ಇವುಗಳನ್ನು ಪ್ರತ್ಯೇಕಿಸುವುದು ಕಷ್ಟ. ಕಾರ್ಖಾನೆಯ ಹೆಸರು ಅಥವಾ ಚಿಹ್ನೆ, ಧರಿಸಿದವನ ಗುರುತಿನ ಚೀಟಿ, ಛಾಯಾಚಿತ್ರ – ಇಂಥದೊಂದು ಪುರಾವೆಯಿಲ್ಲದೆ ಕಾವಲುಗಾರನದೆಂದು ಹೆಚ್ಚಿನ ಬೆಲೆ ಕೊಡಬೇಡಿ. ಚಿಹ್ನೆ ಇದ್ದರೆ ಭೂತಗನ್ನಡಿಯಲ್ಲಿ ನೋಡಿ: ಬಣ್ಣದ ಹಳೆಯ ಗೀರುಗಳು ಚಿಹ್ನೆಯನ್ನೂ ದಾಟಿ ಹೋಗಿರಬೇಕು, ತುಕ್ಕಿನ ಮೇಲೆಯೇ ಕುಳಿತಿರುವ ಚಿಹ್ನೆ ಆಮೇಲೆ ಅಂಟಿಸಿದ್ದು.

ಈ ವಸ್ತುವಿನ ಇತಿಹಾಸವನ್ನೂ ಸಂಗ್ರಾಹಕರು ಅರಿತಿರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಯುದ್ಧಕಾಲದಲ್ಲಿ ಆ ಕಾವಲುಗಾರರ ಕೆಲಸ ಗೇಟು ಕಾಯುವುದಕ್ಕೆ ಸೀಮಿತವಾಗಿರಲಿಲ್ಲ. ಪೋಲೆಂಡ್, ಸೋವಿಯತ್ ಒಕ್ಕೂಟ ಮೊದಲಾದೆಡೆಗಳಿಂದ ಬಲವಂತವಾಗಿ ತಂದ ಕಾರ್ಮಿಕರ ಮೇಲೂ ಅವರು ಪಹರೆ ನಡೆಸುತ್ತಿದ್ದರು. 1947–48ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಜರ್ಮನಿಯ ಎಸೆನ್ ನಗರದ ಉಕ್ಕು, ಶಸ್ತ್ರಾಸ್ತ್ರ ತಯಾರಕ ಕ್ರುಪ್ ಸಂಸ್ಥೆಯವರ ಯುದ್ಧಾಪರಾಧ ವಿಚಾರಣೆಯಾದಾಗ ಆ ಕಾರ್ಮಿಕರನ್ನು ನಡೆಸಿಕೊಂಡ ಬಗೆ ಪ್ರಮುಖ ಆರೋಪವಾಗಿತ್ತು. ಆದ್ದರಿಂದ ಸ್ವಸ್ತಿಕ ಚಿಹ್ನೆಯಿದ್ದರೆ ಅದನ್ನು ಅಳಿಸಬೇಡಿ, ಅಲಂಕಾರಕ್ಕೂ ಇಡಬೇಡಿ. ವಿವರದ ಚೀಟಿಯೊಂದಿಗೆ ಇಡಿ.

ಉಜ್ಜುಕಾಗದ, ಹೊಸ ಬಣ್ಣ ಎರಡೂ ಬೇಡ. ಮೂಲ ಬಣ್ಣ ಹೋದರೆ ಸಾಕ್ಷ್ಯವೂ ಹೋಗುತ್ತದೆ. ಹಳೆಯ ಬಣ್ಣದಲ್ಲಿ ಸೀಸವಿರುವ ಸಾಧ್ಯತೆಯೂ ಇರುವುದರಿಂದ ಅದರ ಧೂಳು ಅಪಾಯಕಾರಿ. ಮೆತ್ತನೆಯ ಕುಂಚದಿಂದ ಧೂಳು ತೆಗೆದರೆ ಸಾಕು. ಒಳಗಿನ ಚರ್ಮಕ್ಕೆ ಕೊಬ್ಬರಿಎಣ್ಣೆ ಹಚ್ಚಬಾರದು. ಧಾರವಾಡದ ಕಡೆಯ ಮಳೆಗಾಲದಲ್ಲಿ ತೇವ ಹೆಚ್ಚಿರುವುದರಿಂದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡದೆ, ಬಿಗಿಯಾಗಿ ಮುಚ್ಚುವ ಕಪಾಟಿನಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆಗಿಟ್ಟು, ಆಗಾಗ ಪೊಟ್ಟಣಗಳನ್ನು ಬದಲಿಸಿ.